ಕಿಂಡಿ ಇದ್ದ ಗೋಡೆ

ಕಲಬುರಗಿ
ಸೋಮವಾರ, ೧೧ ಫೆಬ್ರುವರಿ ೧೯೫೨

ಪ್ರೀತಿಯ ಅಕ್ಕ ಮಹಾದೇವಮ್ಮನಿಗೆ ನಿನ್ನ ತಂಗಿ ಶೇವಂತಾಳ ಶರಣು.

ಈ ಪತ್ರವನ್ನು ಮೊದಲು ನೀನೊಬ್ಬಳೇ ಓದಿಕೋ. ಆಮೇಲೆ ನಾನು ಗೆರೆ ಎಳೆದಲ್ಲಿಯವರೆಗೆ ಮಾತ್ರ ಅವ್ವನಿಗೆ ಓದಿ ಹೇಳು. ಗೆರೆಯ ಕೆಳಗಿನದು ನಿನಗೆ. ಅವ್ವನ ಕಣ್ಣು ಮಂದವಾಗಿರಬಹುದು, ಕಿವಿ ಮಾತ್ರ ಚುರುಕು. ನೀನು ಓದುವಾಗ ಎಲ್ಲಾದರೂ ತಡವರಿಸಿದರೆ ಹಿಡಿದುಬಿಡುತ್ತಾಳೆ. ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ನಿನಗೂ ಹೇಳುತ್ತೇನೆ, ಎರಡು ಸಲ ಓದಿಕೊಂಡೇ ಹೋಗಿ ಕೂಡು.

ಅವ್ವಾ, ನಿನ್ನ ಮನೆಯ ಕೆಲಸ ಮುಗಿಯುತ್ತ ಬಂತು. ದೀಪಾವಳಿಯ ಮರುವಾರ ಬಚ್ಚಲಲ್ಲಿ ನೀನು ಜಾರಿ ಬಿದ್ದೆಯಲ್ಲ, ಆ ನುಣುಪಾದ ಪರಸಿ ಕಲ್ಲುಗಳನ್ನೆಲ್ಲ ಗೌಂಡಿ ಮಾಪಣ್ಣ ಉಳಿಯಿಂದ ಹೊಡೆದು, ಬೀಸುವ ಕಲ್ಲಿಗೆ ಹಲ್ಲು ಹಾಕಿದಂತೆ ಒರಟು ಮಾಡಿದ್ದಾನೆ. ಬಾಗಿಲ ಮುಂದಿನ ಎರಡು ಎತ್ತರದ ಮೆಟ್ಟಿಲು ಹೋಗಿ ನಾಲ್ಕು ಗಿಡ್ಡ ಮೆಟ್ಟಿಲು ಬಂದಿವೆ. ಬಚ್ಚಲಿನವರೆಗೂ ಗೋಡೆಗುಂಟ ಹಿಡಿದುಕೊಂಡು ಹೋಗಲು ಬಿದಿರು ಕಟ್ಟಿಸಿದ್ದೇನೆ. ಮುನಸಿಪಾಲಿಟಿಗೆ ಆರು ಅರ್ಜಿ ಬರೆದು ಓಣಿಯ ಮೋರಿಗೆ ಚಪ್ಪಡಿ ಹಾಕಿಸಿದೆವು. ಬೇವಿನ ಗಿಡದ ಬುಡಕ್ಕೆ ಕಟ್ಟೆಯೂ ಆಯಿತು. ಎದುರು ಮನೆಯ ಪುತಳಾಬಾಯಿ ದಿನವೂ ಅಲ್ಲೇ ಕುಳಿತಿರುತ್ತಾಳೆ. "ಮಾಳಮ್ಮ ಬರೂತನಕ ಆಕಿ ಜಾಗಾ ನಾ ಕಾಯ್ತೀನಿ" ಅನ್ನುತ್ತಾಳೆ.

ಶುಕ್ರವಾರ ಬರುತ್ತೇನೆಂದು ಭೀಮಶಾ ಮಾವನ ಕೈಯಲ್ಲಿ ಹೇಳಿ ಕಳಿಸಿದ್ದೀ. ಗಾರೆ ಇನ್ನೂ ಹಸಿ ಇದೆ, ಅವ್ವಾ. ಅಕ್ಕನ ಮನೆಯಲ್ಲಿ ಇನ್ನೆಂಟು ದಿನ ಇದ್ದು ಬಾ. ಪಕ್ಕದ ಮನೆಯ ಕಾಸಿಂಬಿ ಚಾಚಿ ಆರಾಮ ಇದ್ದಾಳೆ.

――――――――

ಅಕ್ಕಾ, ಗಾರೆ ಒಣಗಿ ನಾಲ್ಕು ದಿನವಾಯಿತು. ಕಾಸಿಂಬಿ ಆರಾಮ ಇಲ್ಲ.

ನಮ್ಮ ಅಡುಗೆಮನೆಗೂ ಆಕೆಯ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಅದರಲ್ಲಿ ಒಂದು ರೊಟ್ಟಿ ಹಿಡಿಸುವಷ್ಟು ಕಿಂಡಿ. ನೀನು ಮದುವೆಯಾಗಿ ಕಮಲಾಪುರಕ್ಕೆ ಹೋದಾಗಲೂ ಅದು ಇತ್ತು, ಆದರೆ ಆಗ ಅದರಲ್ಲಿ ಬರೀ ಉಪ್ಪು, ಹುಳಿ ಹೋಗಿ ಬರುತ್ತಿದ್ದವು. ರಜಾಕಾರರ ಗದ್ದಲದಲ್ಲಿ ನಾವು ಬಾಗಿಲು ಹಾಕಿಕೊಂಡು ಕುಳಿತಾಗ ಮೂರು ದಿನ ನಮಗೆ ರೊಟ್ಟಿ ಬಂದದ್ದು ಅದರಿಂದ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಅವರು ಬಾಗಿಲು ಹಾಕಿಕೊಂಡು ಕುಳಿತರು, ಆಗ ನಮ್ಮ ರೊಟ್ಟಿ ಹೋದದ್ದೂ ಅದರಿಂದಲೇ.

ಅಂದಿನಿಂದ ಇಬ್ಬರು ಮುದುಕಿಯರದೂ ಒಂದು ರೂಢಿ. ಬೆಳಿಗ್ಗೆ ಯಾರು ಮೊದಲು ಒಲೆ ಹೊತ್ತಿಸುತ್ತಾರೋ ಅವರು ಸೌಟಿನಿಂದ ಗೋಡೆಗೆ ಮೂರು ಸಲ ಬಡಿದು, ಕುಳ್ಳಿನ ಚೂರಿನ ಮೇಲೆ ಕೆಂಡ ಇಟ್ಟು ಆಚೆ ಕೊಡಬೇಕು. ಆ ಕಡೆಯಿಂದ ಉತ್ತರ ಬರದಿದ್ದರೆ ಓಣಿ ಸುತ್ತಿ ಹೋಗಿ ಬಾಗಿಲು ಬಡಿಯಬೇಕು. ನಾನು ಶಾಲೆಗೆ ಹೋದರೆ ಬರುವುದು ಸಂಜೆ ಐದಕ್ಕೆ. ಆಕೆಯ ಮಗ ಚಾಂದಪಾಶಾ ಗಿರಣಿಗೆ ಹೋಗುತ್ತಾನೆ. ಹಗಲೆಲ್ಲ ಒಬ್ಬರಿಗೊಬ್ಬರು ಅವರೇ. ಅವ್ವ ಬಚ್ಚಲಲ್ಲಿ ಬಿದ್ದಾಗ ಓಡಿ ಬಂದು ಎತ್ತಿದವಳು ಕಾಸಿಂಬಿಯೇ.

ಮಾಪಣ್ಣ ಆ ಕಿಂಡಿ ಮುಚ್ಚಿಬಿಟ್ಟ. ನಾನು ಶಾಲೆಯಿಂದ ಬರುವಷ್ಟರಲ್ಲಿ ಇಟ್ಟಿಗೆ ಇಟ್ಟು ಗಾರೆ ಮೆತ್ತಿ ಆಗಿತ್ತು. ಗೋಡೆ ಗಟ್ಟಿಯಾಗಲೆಂದು ಮಾಡಿದ, ಅವನನ್ನು ಏನನ್ನಲಿ. ಮೂರನೇ ತಾರೀಖು ರವಿವಾರ ಬೆಳಿಗ್ಗೆ ಕಾಸಿಂಬಿ ಒಲೆಯ ಮುಂದೆಯೇ ಬಿದ್ದಳು. ಚಾಂದಪಾಶಾ ಪಾಳಿ ಮುಗಿಸಿ ಬಂದದ್ದು ಮೂರು ಗಂಟೆಗೆ. ಅಲ್ಲಿಯವರೆಗೆ ಯಾರಿಗೂ ಗೊತ್ತಾಗಲಿಲ್ಲ. ಸೊಂಟದ ಎಲುಬು ಮುರಿದಿದೆ. ಎರಡು ತಿಂಗಳು ಮಂಚ ಬಿಡಬಾರದು, ಆಮೇಲೆ ನಡೆಯುವುದು ದೇವರ ಕೈಯಲ್ಲಿದೆ ಎಂದು ಡಾಕ್ಟರರು ಹೇಳಿ ಮನೆಗೆ ಕಳಿಸಿದರು.

ಮಂಗಳವಾರವೇ ಮಾಪಣ್ಣನನ್ನು ಕರೆಸಿ ಗೋಡೆ ಒಡೆಸಿದೆ. ಈ ಸಲ ಕಿಂಡಿ ಕೆಳಗೆ ಇದೆ. ಕಾಸಿಂಬಿಯ ಮಂಚವನ್ನು ಅವರ ಅಡುಗೆಮನೆಗೆ ತಂದು ಗೋಡೆಗೆ ಹತ್ತಿಸಿ, ಆಕೆ ಮಲಗಿದಲ್ಲಿಂದಲೇ ಕೈ ಚಾಚಿಸಿ, ಬೆರಳು ಮುಟ್ಟಿದ ಕಡೆ ಗುರುತು ಹಾಕಿ ಒಡೆಸಿದ್ದು. ಮಾಪಣ್ಣ ಕೆಲಸ ಮುಗಿಯುವವರೆಗೂ ನನ್ನ ಮುಖ ನೋಡಲಿಲ್ಲ, ಕೂಲಿಯನ್ನೂ ಕೇಳಲಿಲ್ಲ. ನಾನು ಶಾಲೆಗೆ ಹೋದಾಗ ಪುತಳಾಬಾಯಿ ಕಟ್ಟೆ ಬಿಟ್ಟು ನಮ್ಮ ಅಡುಗೆಮನೆಯಲ್ಲಿ ಕೂಡುತ್ತಾಳೆ. ಉಳಿದ ಹೊತ್ತು ಸೌಟಿನ ಸದ್ದಾದರೆ ಓಗೊಡುವವಳು ನಾನು.

ನನಗೀಗ ಅವ್ವನದೇ ಭಯ. ರಿಪೇರಿಯ ಮಾತು ತೆಗೆದ ದಿನ ಆಕೆ ಹೇಳಿದ್ದು ನಿನಗೂ ನೆನಪಿರಬೇಕು: "ಮೆಟ್ಲಾ ಒಡೀರಿ, ಬಚ್ಚಲಾ ಒಡೀರಿ. ಆ ಗ್ವಾಡಿಗಿ ಕೈ ಹಚ್ಚಿದ್ರ ನಾ ಮಾದೇವಿ ಮನ್ಯಾಗೇ ಉಳೀತೀನಿ ನೋಡು." ಆಕೆ ಹೇಳಿದಂತೆ ಮಾಡುವವಳು. ಇಲ್ಲಿಗೆ ಬಂದು ಹೊಸ ಗಾರೆಯ ಗುರುತನ್ನು ಕೈಯಿಂದ ಸವರಿ ನೋಡಿ, ಹಾಗೇ ತಿರುಗಿ ಬಸ್ಸು ಹತ್ತಿದರೆ ನಾನೇನು ಮಾಡಲಿ? ಆ ಗಿಡ್ಡ ಮೆಟ್ಟಿಲುಗಳನ್ನು ನೋಡಿದರೆ ಊಟ ಸೇರುವುದಿಲ್ಲ. ಎಂಟು ದಿನದಲ್ಲಿ ಕಾಸಿಂಬಿ ಮಂಚದ ಮೇಲೆ ಎದ್ದು ಕೂಡುವಂತಾದರೂ ಆಗಲಿ, ಆಮೇಲೆ ಮೆಲ್ಲಗೆ ಹೇಳೋಣ. ಅಲ್ಲಿಯವರೆಗೆ ಅವ್ವನನ್ನು ಹೇಗಾದರೂ ಮಾಡಿ ತಡೆದುಕೋ, ಅಕ್ಕಾ.

ಭೀಮಶಾ ಮಾವನಿಗೆ ಶರಣು ತಿಳಿಸು.

ನಿನ್ನನ್ನೇ ನಂಬಿದ ತಂಗಿ,
ಶೇವಂತಾ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಮಾಪಣ್ಣನ ಮೇಲೆ ಹಾಕಿದ್ದು ಸುಳ್ಳು. ಅವನು ಮುಚ್ಚುವ ಮೊದಲು ಕೇಳಿದ್ದ: "ಇದೊಂದು ಬಿಡ್ಲೇನ್ರೀ ಬಾಯಾರ, ಮುದುಕ್ಯಾರ ಕಿಂಡಿ ಅದ." ಚೇಳು ಬರುತ್ತವೆ, ಮುಚ್ಚು ಅಂದವಳು ನಾನು. ಈ ಮನೆಯಲ್ಲಿ ಒಂದು ಚೇಳನ್ನೂ ನಾನು ಕಂಡಿಲ್ಲ. ದಿನವೆಲ್ಲ ಮಕ್ಕಳಿಗೆ ಕೂಗಿ ಕೂಗಿ ದಣಿದು ಬಂದರೆ ಅವ್ವ ನನಗೆ "ಉಂಡೆಯಾ" ಎಂದಷ್ಟೇ ಕೇಳುತ್ತಿದ್ದಳು. ಉಳಿದ ಮಾತೆಲ್ಲ ಆ ಕಿಂಡಿಯಲ್ಲಿ ಮುಗಿದಿರುತ್ತಿತ್ತು. ಕಿಂಡಿ ಹೋದರೆ ನನ್ನ ಜೊತೆ ಮಾತಾಡಿಯಾಳು ಅಂದುಕೊಂಡೆ. ನನಗೆ ಹೊಟ್ಟೆಕಿಚ್ಚಾಗಿತ್ತು, ಅಕ್ಕಾ.

ಇನ್ನೊಂದಿದೆ. ಆ ರವಿವಾರ ನಾನು ಮನೆಯಲ್ಲೇ ಇದ್ದೆ, ಮಕ್ಕಳ ಲೆಕ್ಕದ ಪುಸ್ತಕ ತಿದ್ದುತ್ತಿದ್ದೆ. ಗೋಡೆಗೆ ಸೌಟು ಬಡಿಯಿತು. ಮೂರು ಸಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ಅವ್ವ ಊರಲ್ಲಿಲ್ಲವೆಂಬುದನ್ನು ಚಾಚಿ ಮರೆತಿದ್ದಾಳೆ, ಬಡಿದು ಬಡಿದು ತಾನೇ ಸುಮ್ಮನಾಗುತ್ತಾಳೆ ಅಂದುಕೊಂಡು ನಾನು ತಿದ್ದುತ್ತಲೇ ಕುಳಿತೆ. ಸುಮ್ಮನಾದಳು.

ನಿನ್ನೆ ಆಕೆ ಕಿಂಡಿಯೊಳಗಿಂದ ನನ್ನ ಕೈ ಹಿಡಿದುಕೊಂಡು ಸಮಾಧಾನ ಹೇಳಿದಳು: "ನೀ ಏನ್ ಮಾಡ್ತಿ ಬೇಟಿ. ಗ್ವಾಡಿ ದಪ್ಪ ಆಗಿತ್ತು, ನಿನಗ ಕೇಳ್ಸಿರಂಗಿಲ್ಲ." ನಾನು ಹೂಂ ಅಂದೆ.

ಮೇಲಿನ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಡ. ಅವ್ವನನ್ನು ತಡೆಯಲೂ ಬೇಡ. ಈ ಪತ್ರವನ್ನು ಮೊದಲಿನಿಂದ ಕಡೆಯವರೆಗೂ ಆಕೆಗೆ ಓದಿ ಹೇಳು. ಕೇಳಿದ ಮೇಲೂ ಬರುತ್ತೇನೆ ಅಂದರೆ ಶುಕ್ರವಾರದ ಬಸ್ಸಿಗೆ ಕೂಡಿಸು. ಬರುವುದಿಲ್ಲ ಅಂದರೆ, ಕಾಸಿಂಬಿಯ ಸೌಟಿಗೆ ಉತ್ತರ ಕೊಡಲು ನಾನಿದ್ದೇನೆ ಎಂದು ಹೇಳು.