ಬಿಳಿ ಕಾಗದದೊಳಗಿನ ಹೋರಿ

ಅಕ್ಕಾ,

ಮೊದಲು ಕೂತುಕೋ. ಕೂತೆಯಾ? ನಿನ್ನ ಮಗಳು ರೂಪಾಳ ಲಗ್ನಪತ್ರಿಕೆಗೆ ಉಬ್ಬುಚಿತ್ರ ಒತ್ತಿದವನು ನಾನು. ಹೌದು, ನಾನೇ, ನಿನ್ನ ತಮ್ಮ ಮಂಜ. ತೆಂಗಿನಕಾಯಿ ಸುಲಿಯುವುದು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬಾರದ ಕೈ ಎಂದು ಹಂಗಿಸುತ್ತಿದ್ದೆಯಲ್ಲ, ಅದೇ ಕೈ. ಸಖರಾಯಪಟ್ಟಣದಿಂದ ತರೀಕೆರೆವರೆಗೆ ನಮ್ಮ ನೆಂಟರಲ್ಲೆಲ್ಲ ಈಗ ಅದೇ ಮಾತು. ಜಂಬ ಕೊಚ್ಚಿಕೊಳ್ಳುತ್ತಿಲ್ಲ ಕಣಕ್ಕ. ಸರಿ, ಸ್ವಲ್ಪ ಕೊಚ್ಚಿಕೊಳ್ಳುತ್ತಿದ್ದೇನೆ. ನಿನ್ನ ಮುಂದಲ್ಲದೆ ಇನ್ಯಾರ ಮುಂದೆ ಕೊಚ್ಚಿಕೊಳ್ಳಲಿ?

ಅಜ್ಜಂಪುರದ ನಿನ್ನ ಮನೆಯ ಹಿತ್ತಲಲ್ಲಿ ನೀನು ಹಳೇ ಎಕ್ಸ್-ರೇ ಹಾಳೆಗಳನ್ನು ತೊಳೆಯುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಓಣಿಯಲ್ಲಿ ಯಾರ ಕೈ ಮುರಿದರೂ, ಯಾರಿಗೆ ಕೆಮ್ಮು ಹಿಡಿದರೂ ಅವರ ಎಕ್ಸ್-ರೇ ಕೊನೆಗೆ ನಿನ್ನ ಬಕೆಟ್ಟಿಗೇ ಬರುತ್ತಿತ್ತು. ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆಹಾಕಿ, ನಾವು ಕಳಿಸಿದ ತೆಂಗಿನ ನಾರಿನಿಂದ ಮೆಲ್ಲಗೆ ತಿಕ್ಕಿದರೆ ಕರಿ ಹಾಳೆ ಗಾಜಿನಂತೆ ತಿಳಿಯಾಗುತ್ತಿತ್ತು. "ಊರೋರ ಮೂಳೆಯೆಲ್ಲ ನಮ್ಮನೆ ಬಚ್ಚಲಲ್ಲಿ ಹರಿದು ಹೋಗ್ತಾವೆ ಕಣೋ ಮಂಜ" ಎಂದು ಭಾವ ಗೊಣಗುತ್ತಿದ್ದರು. ನೀನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಆ ಹಾಳೆಯ ಮೇಲೆ ಚಿತ್ರ ಬರೆದು, ಬ್ಲೇಡಿನಿಂದ ಕತ್ತರಿಸಿ ತೆಗೆದರೆ ಅದೇ ಅಚ್ಚು. ಅಚ್ಚನ್ನು ಕಿಟಕಿಯ ಗಾಜಿಗಿಟ್ಟು, ಅದರ ಮೇಲೆ ದಪ್ಪ ಬಿಳಿ ಕಾಗದ ಹಿಡಿದು, ಸ್ವೆಟರ್ ಹೆಣೆಯುವ ಕಡ್ಡಿಯ ಗುಂಡು ತುದಿಯಿಂದ ಅಂಚಿನುದ್ದಕ್ಕೂ ಒತ್ತಿದರೆ ಕಾಗದದ ಇನ್ನೊಂದು ಮಗ್ಗುಲಲ್ಲಿ ಚಿತ್ರ ಉಬ್ಬಿ ಏಳುತ್ತಿತ್ತು. ಬಣ್ಣವಿಲ್ಲ, ಇಂಕಿಲ್ಲ.

ಚಿಕ್ಕವರಿದ್ದಾಗ ಎಮ್ಮೆದೊಡ್ಡಿ ಕಾವಲಿನ ಬೇಲಿ ಹತ್ತಿರ ನಿಂತು ಅಮೃತಮಹಲ್ ದನ ಮೇಯುವುದನ್ನು ನೋಡುತ್ತಿದ್ದೆವಲ್ಲ, ನೆನಪಿದೆಯಾ? ನಾನು ಗುಮ್ಮುತ್ತದೆಂದು ನಿನ್ನ ಲಂಗದ ಹಿಂದೆ ಅಡಗುತ್ತಿದ್ದೆ. ನೀನು ಅಲ್ಲೇ ಕೂತು ಧೂಳಿನಲ್ಲಿ ಬೆರಳಾಡಿಸಿ ಹೋರಿ ಬರೆಯುತ್ತಿದ್ದೆ. "ಕೊಂಬು ಬುಡದಲ್ಲಿ ಹತ್ರ ಇರ್ಬೇಕು, ಹಿಂದಕ್ಕೆ ಹೋಗ್ಬೇಕು, ಆಮೇಲೆ ಮೇಲಕ್ಕೆ ಏಳ್ಬೇಕು. ಹಂಗಿದ್ರೇನೇ ನಮ್ ಕಾವಲಿನ್ ಹೋರಿ ಕಣೋ" ಎನ್ನುತ್ತಿದ್ದೆ. ದೊಡ್ಡವಳಾದ ಮೇಲೆ ಅದೇ ಹೋರಿ ನಿನ್ನ ಅಚ್ಚಿಗೆ ಬಂತು. ಸಂಕ್ರಾಂತಿಯ ಎಳ್ಳಿನ ಪೊಟ್ಟಣಕ್ಕೂ ಅದೇ, ಮುಯ್ಯಿ ಕವರಿಗೂ ಅದೇ. ಆದರೆ ಬಿಳಿ ಕಾಗದದ ಮೇಲೆ ಬಿಳಿ ಹೋರಿ ಯಾರಿಗೆ ಕಾಣಬೇಕು? "ಖಾಲಿ ಕವರ್ ಕೊಟ್ಟಿದ್ದೀಯಲ್ಲೇ" ಎಂದು ಎಲ್ಲರೂ ನಕ್ಕವರೇ. "ಬೆಳಕಿಗೆ ಓರೆ ಮಾಡಿ ನೋಡ್ರೀ" ಎಂದು ಹೇಳಿ ಹೇಳಿ ನಿನ್ನ ಬಾಯಿ ಬತ್ತಿತು. ಎಷ್ಟು ಜನ ಓರೆ ಮಾಡಿ ನೋಡಿದರೋ, ಎಷ್ಟು ಜನ ಹಾಗೇ ಹರಿದು ಎಸೆದರೋ...

ಹೋದ ವರ್ಷ ನೀನು ಹಾಸಿಗೆ ಹಿಡಿದಾಗ ನನ್ನನ್ನು ಹತ್ತಿರ ಕರೆದೆ. "ರೂಪನ್ ಪತ್ರಿಕೇಲಿ ಅಕ್ಷರ ಬೇಕಾದ್ರೆ ಪ್ರೆಸ್ಸಲ್ಲೇ ಆಗ್ಲಿ. ಮೂಲೆ ಮಾತ್ರ ನನ್ ಅಚ್ಚಲ್ಲೇ ಆಗ್ಬೇಕು ಕಣೋ. ಇಲ್ದಿದ್ರೆ..." ಅಷ್ಟಕ್ಕೇ ಕೆಮ್ಮು ಬಂತು. ಇಲ್ಲದಿದ್ದರೆ ಏನು ಎಂದು ನಾನೂ ಕೇಳಲಿಲ್ಲ. ಆಯ್ತು ಕಣಕ್ಕ ಎಂದುಬಿಟ್ಟೆ. ಆಗಿನ್ನೂ ಹುಡುಗನೂ ಗೊತ್ತಾಗಿರಲಿಲ್ಲ.

ತರೀಕೆರೆಯ ಸಂಬಂಧ ಕುದುರಿದ ದಿನವೇ ಬೀಗರು ಥಳಥಳ ಹೊಳೆಯುವ ಚಿನ್ನದ ಬಣ್ಣದ ಪತ್ರಿಕೆಯೊಂದನ್ನು ಮುಂದಿಟ್ಟರು. ಇದೇ ಥರ ಮಾಡಿಸೋಣ ಎಂದರು. ನಾನು ನಿನ್ನ ಮಾತು ಎತ್ತಿದೆ. ಭಾವ ನನ್ನ ಅಂಗಿ ಜಗ್ಗಿ, "ಅವ್ರು ಹೇಳ್ದಂಗೇ ಆಗ್ಲಿ ಬಿಡೋ. ಇಲ್ಲದ ಉಸಾಬರಿ ನಮಗ್ಯಾಕೆ?" ಎಂದು ಪಿಸುಗುಟ್ಟಿದರು. ಬಿಡುತ್ತೇನೆಯೇ? ಸೋದರಮಾವ ಎಂದರೆ ಮದುವೆ ದಿನ ಪೇಟ ಕಟ್ಟಿಕೊಂಡು ನಿಲ್ಲುವುದಕ್ಕಷ್ಟೇನಾ? ಕೊನೆಗೆ ಹೀಗೆ ಒಪ್ಪಂದವಾಯಿತು: ಪತ್ರಿಕೆ ಪೂಜೆಯ ದಿನ ನಮ್ಮದನ್ನು ತಂದು ತೋರಿಸಬೇಕು. ಅವರಿಗೆ ಹಿಡಿಸಿದರೆ ಅದೇ, ಇಲ್ಲದಿದ್ದರೆ ಚಿನ್ನದ್ದು.

ನಿನ್ನ ಬಿಸ್ಕತ್ತಿನ ಡಬ್ಬಿ ತೆಗೆದಾಗ ಹೋರಿಯ ಅಚ್ಚು ಎಲ್ಲಕ್ಕಿಂತ ಕೆಳಗಿತ್ತು. ಕಿಟಕಿಗೆ ಹಿಡಿದರೆ ಮೂಲೆಯಲ್ಲಿ ಬೆರಳಿನ ಮೂಳೆಗಳು ಮಸುಕಾಗಿ ಕಂಡವು. "ಇದು ಅಮ್ಮಂದೇ ಮಾವ. ಬಚ್ಚಲಲ್ಲಿ ಜಾರಿಬಿದ್ದು ಕೈ ಉಳುಕಿಸ್ಕೊಂಡಿದ್ರಲ್ಲ, ಅವಾಗಿಂದು" ಎಂದಳು ರೂಪಾ. ಊರವರ ಎಕ್ಸ್-ರೇಗಳನ್ನು ಚೊಕ್ಕವಾಗಿ ತೊಳೆದವಳು ನಿನ್ನದನ್ನು ಮಾತ್ರ ಅರೆಬರೆ ತೊಳೆದಿದ್ದೆ. ನಾನು ಅದರ ಮೇಲೆ ನನ್ನ ಅಂಗೈ ಇಟ್ಟೆ. ಅಳು ಬಂತು, ಅದನ್ನೇಕೆ ಮುಚ್ಚಿಡಲಿ? ಆಮೇಲೆ ಅದನ್ನು ನಮ್ಮ ಮನೆಗೆ ತಂದು ಕೆಲಸಕ್ಕೆ ಕೂತಾಗ ಒಬ್ಬನೇ ಇದ್ದೇನೆ ಅನ್ನಿಸಲಿಲ್ಲ.

ಮೊದಲು ಒತ್ತಿದ ಕಾಗದ ಕೊಂಬಿನ ತಿರುವಿನಲ್ಲಿ ಪರ್ ಎಂದು ಹರಿಯಿತು. ಇನ್ನೊಂದೂ ಹರಿಯಿತು. ಕಡ್ಡಿ ಜಾರುತ್ತಲೇ ಇರಲಿಲ್ಲ, ಕಾಗದವನ್ನು ಕಚ್ಚಿಕೊಂಡು ಎಳೆಯುತ್ತಿತ್ತು. ತೆಂಗು ಬೆಳೆಯುವ ನಮ್ಮಂಥವರ ಬುದ್ಧಿ ನಿನಗೆ ಗೊತ್ತಲ್ಲ. ಬಾಗಿಲು ಕಿರುಗುಟ್ಟಿದರೂ ಎಣ್ಣೆ, ಹಿಮ್ಮಡಿ ಒಡೆದರೂ ಎಣ್ಣೆ, ಮಗುವಿಗೆ ಶೀತವಾದರೂ ಎಣ್ಣೆ. ಕಡ್ಡಿಯನ್ನು ನಮ್ಮ ಮನೆಯ ಕೊಬ್ಬರಿ ಎಣ್ಣೆಯ ಬಟ್ಟಲಿಗೇ ಅದ್ದಿದೆ. ಆಹಾ, ಎಂಥಾ ಜಾರಿಕೆ! ಒಂದಾದ ಮೇಲೊಂದು ಒತ್ತಿ, ಮೀಸೆ ತಿರುವಿ, ಕಂತೆ ಕಟ್ಟಿಟ್ಟೆ. ಬೆಳಿಗ್ಗೆ ನೋಡಿದರೆ ಪ್ರತಿ ಹೋರಿಯ ಹೊಟ್ಟೆಯ ಮೇಲೂ ಬೋಂಡಾ ಕಟ್ಟಿದ ಪೇಪರಿನಂಥ ಕಲೆ. ನನ್ನ ಹೆಂಡತಿ ಸಾವಿತ್ರಿ ನಕ್ಕೂ ನಕ್ಕೂ ಸುಸ್ತಾಗಿ, "ಬೀಗ್ರಿಗೆ ಪತ್ರಿಕೆ ಜತೆ ಒಗ್ಗರಣೇನೂ ಕೊಡಣ ಬಿಡ್ರೀ" ಎಂದಳು. ನನಗೆ ನಗು ಬರಲಿಲ್ಲ. ಪೂಜೆಯ ದಿನ ಹತ್ತಿರ ಬಂದಿತ್ತು. ನೀನು ಒತ್ತಿದ ಕಾಗದ ಯಾವತ್ತೂ ಹರಿದದ್ದಿಲ್ಲ, ಕಲೆಯಾದದ್ದೂ ಇಲ್ಲ. ನೀನು ಏನು ಮಾಡುತ್ತಿದ್ದೆ, ನಾನೇಕೆ ಕೇಳಿಕೊಳ್ಳಲಿಲ್ಲ ಎಂದು ತಲೆ ಚಚ್ಚಿಕೊಂಡೆ.

ಆವತ್ತು ಮಧ್ಯಾಹ್ನ ನಮ್ಮ ಮನೆಗೆ ಬಂದ ರೂಪಾ, "ಕೊಡಿ ಮಾವ, ನಾನೊಂದ್ಸಲ ನೋಡ್ತೀನಿ. ನಂಗೇನೂ ಬರಲ್ಲ, ಸುಮ್ನೆ" ಎನ್ನುತ್ತ ಕಡ್ಡಿ ಕೈಗೆ ತೆಗೆದುಕೊಂಡಳು. ಒತ್ತುವ ಮುಂಚೆ ಅದನ್ನು ಬೈತಲೆಯ ಪಕ್ಕ ಕೂದಲೊಳಗೆ ಒಮ್ಮೆ ಎಳೆದುಕೊಂಡಳು. ನಾನು ಕೂತಲ್ಲಿಂದ ಎದ್ದುಬಿಟ್ಟೆ. "ಲೇ, ಈಗೇನ್ ಮಾಡ್ದೆ ನೀನು?" ಎಂದೆ. ಅವಳು ಗಾಬರಿಯಾಗಿ, "ಏನಿಲ್ಲ ಮಾವ, ಅಮ್ಮ ಹಿಂಗೇ..." ಎಂದಳು. ಇಷ್ಟು ವರ್ಷ ನೀನು ತಲೆ ಕೆರೆದುಕೊಳ್ಳುತ್ತೀಯೆಂದೇ ತಿಳಿದಿದ್ದೆ ಅಕ್ಕ! ಕೂದಲಿಗೆ ಹಚ್ಚಿದ ಎಣ್ಣೆ ತುದಿಗೆ ತಾಗಿಯೂ ತಾಗದಂತೆ ಇರಬೇಕು, ಅಷ್ಟೇ ತಾನೇ? ರೂಪಾ ಎಳೆದಲ್ಲೆಲ್ಲ ಕಡ್ಡಿ ನೀರಿನಂತೆ ಹರಿಯಿತು. ಕೊಂಬು ಹಿಂದಕ್ಕೆ ಹೋಗಿ, ಮೇಲಕ್ಕೆ ಎದ್ದು ನಿಂತಿತು. ಏನೂ ಬರುವುದಿಲ್ಲ ಎನ್ನುತ್ತಿದ್ದ ನಿನ್ನ ಮಗಳ ಕೈಯಲ್ಲಿ ನಿನ್ನ ಕೆಲಸ ಹಾಗೇ ಇತ್ತು. ನನ್ನ ಬೋಳುತಲೆಯಲ್ಲಿ ಎಳೆಯಲು ಏನಿದೆ ಹೇಳು? ಸಾವಿತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಜಡೆಗೇ ಕಡ್ಡಿ ಸವರಿಕೊಂಡು ಒತ್ತಿದೆ. ಅವಳು ಬೈಯುತ್ತಲೇ ಕೂತಿದ್ದಳು.

ತರೀಕೆರೆಗೆ ಹೋದ ದಿನ ಬೀಗರ ಮನೆ ತುಂಬ ಜನ. ಹುಡುಗನ ತಾಯಿ ಪತ್ರಿಕೆಯನ್ನು ಟ್ಯೂಬ್‌ಲೈಟಿನ ನೇರಕ್ಕೆ ಹಿಡಿದು, "ಪೇಪರ್ ಚೆನ್ನಾಗೈತೆ. ಚಿತ್ರ ಎಲ್ಲೈತೆ?" ಎಂದರು. ನೇರ ಬೆಳಕಿಗೆ ಉಬ್ಬು ಎಲ್ಲಿ ಕಾಣುತ್ತದೆ? ಓರೆ ಮಾಡಿ ತೋರಿಸಿದೆ. ಹೂಂ ಎಂದರು, ಮರ್ಯಾದೆಗೆ. ಹುಡುಗನ ತಂದೆಯ ಕೈ ಆಗಲೇ ಚಿನ್ನದ ಪತ್ರಿಕೆಯತ್ತ ಹೋಗುತ್ತಿತ್ತು. ಭಾವ ನನ್ನ ಮುಖ ನೋಡಲಿಲ್ಲ. ನಿನ್ನ ಮಾತು ನನ್ನ ಕೈಯಲ್ಲೇ ಹೋಯಿತಲ್ಲ ಎಂದುಕೊಳ್ಳುವಷ್ಟರಲ್ಲಿ...

ಮೂಲೆಯಲ್ಲಿ ಹುಡುಗನ ಅಜ್ಜಿ ಅರಿಶಿನದ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಣ್ಣು ಮಂಜು, ಕಿವಿಯೂ ಅಷ್ಟಕ್ಕಷ್ಟೆ. "ಯಾವ್ದಾದ್ರೂ ಆಗ್ಲಿ, ಮೊದ್ಲು ಅರಿಶಿನ ಮುಟ್ಟಿಸ್ತೀನಿ, ಕೊಡ್ರಪ್ಪಾ" ಎಂದು ಕೈ ಚಾಚಿದರು. ನಮ್ಮ ಪತ್ರಿಕೆಯೇ ಆ ಕೈಗೆ ಸಿಕ್ಕಿತು. ಅರಿಶಿನದ ಬೆರಳು ಮೂಲೆಗೆ ಹೋಗಿ ಗಕ್ಕನೆ ನಿಂತಿತು. "ಏನೋ ಐತಲ್ಲ ಇಲ್ಲಿ!" ಎಂದರು. ಇನ್ನಷ್ಟು ಪುಡಿ ಬೆರಳಿಗೆ ತಗೊಂಡು ಮೆಲ್ಲಗೆ ಸವರಿದರು. ಉಬ್ಬಿದಲ್ಲೆಲ್ಲ ಹಳದಿ ಹಿಡಿಯಿತು ಅಕ್ಕ, ತಗ್ಗಿದಲ್ಲಿ ಬಿಳುಪು ಹಾಗೇ ಉಳಿಯಿತು. ನಮ್ಮೆಲ್ಲರ ಕಣ್ಣೆದುರು ನಿನ್ನ ಹೋರಿ ಕೊಂಬು, ಹಿಣಿಲು, ಗೊರಸು ಸಮೇತ ಎದ್ದು ನಿಂತಿತು. ಅಜ್ಜಿಗೆ ಅದು ಕಾಣುತ್ತಿರಲಿಲ್ಲ. ಬೆರಳಲ್ಲೇ ಕೊಂಬು ಹಿಡಿದು ಹೋಗಿ, "ಹಿಂದಕ್ಕೋಗಿ ಮೇಲಕ್ಕೆ ಎದ್ದೈತೆ. ಅಮೃತಮಹಲ್ ಹೋರಿ ಕಣ್ರೋ! ನಮ್ಮಪ್ಪ ಕಟ್ಟಿದ್ದ ಇಂಥದ್ನ" ಎಂದರು. ಮನೆಯವರೆಲ್ಲ ಮೈಮೇಲೆ ಬಿದ್ದು ನೋಡಿದರು. ಹುಡುಗನ ತಾಯಿ ಇನ್ನೊಂದು ಮೂಲೆಗೆ ತಾವೇ ಅರಿಶಿನ ಹಚ್ಚಿದರು. ಚಿನ್ನದ ಪತ್ರಿಕೆ ಎಲ್ಲಿ ಹೋಯಿತೋ ಯಾರೂ ಹುಡುಕಲಿಲ್ಲ.

ಇದು ನಿನಗೂ ಗೊತ್ತಿರಲಿಲ್ಲ, ಅಲ್ಲವಾ? ಬೆಳಕಿಗೆ ಓರೆ ಮಾಡಿ ಎಂದು ಜೀವನವಿಡೀ ಗೋಗರೆದೆ. ಪ್ರತಿ ಪತ್ರಿಕೆಯ ಮೂಲೆಗೂ ಹಚ್ಚುವ ಒಂದು ಚಿಟಿಕೆ ಅರಿಶಿನ ಸಾಕಾಗಿತ್ತು.

"ಯಾರಪ್ಪಾ ಮಾಡಿದ್ದು ಇದ್ನ?" ಎಂದು ಅಜ್ಜಿ ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ದಾರಿಯುದ್ದಕ್ಕೂ ಆ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದವನು ನಾನು. ಆದರೆ ಬಾಯಿಗೆ ಬಂದದ್ದು, "ನಮ್ಮಕ್ಕ" ಎಂದು. ನೀನು ಹೋದ ಸುದ್ದಿ ಅಜ್ಜಿಗೆ ತಿಳಿದೇ ಇರಲಿಲ್ಲವೋ, ತಿಳಿದು ಮರೆತಿದ್ದರೋ. "ಮದುವೆ ದಿನ ಆಯಮ್ಮನ್ನ ನನ್ ಪಕ್ಕದಲ್ಲೇ ಕೂರಿಸ್ಬೇಕು ನೋಡು. ಮರೀಬೇಡ" ಎಂದರು. ಭಾವ ತಲೆ ತಗ್ಗಿಸಿದರು. ರೂಪಾ ಮುಂದೆ ಹೋಗಿ ಅಜ್ಜಿಯ ಅರಿಶಿನದ ಕೈ ಹಿಡಿದುಕೊಂಡು, "ಆಯ್ತಜ್ಜಿ, ಕೂರಿಸ್ತೀವಿ" ಎಂದಳು.

ಮದುವೆ ಕಡೂರಿನ ಛತ್ರದಲ್ಲಿ. ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕದ ಕುರ್ಚಿಗೆ ಬೆಳಿಗ್ಗೆಯೇ ನನ್ನ ಟವೆಲ್ ಹಾಕಿಡುತ್ತೇನೆ. ಯಾವ ದೊಡ್ಡ ಮನುಷ್ಯ ಬಂದು ಕೂತರೂ ಎಬ್ಬಿಸುತ್ತೇನೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ನಿನ್ನ ಮಗಳು ಮಾತು ಕೊಟ್ಟಿದ್ದಾಳೆ ಅಕ್ಕ. ಬಂದು ಕೂತುಕೋ.

ನಿನ್ನ ತಮ್ಮ,
ಮಂಜ