ಹದಿನೇಳು ಚಿಂದಿ

"ಚಿಂದಿ ನೇತಾಡ್ತಿತ್ತು ಅಕ್ಕ, ಕಿತ್ತು ನೀಟ್ ಮಾಡ್ದೆ" ಅಂತ ಹಲ್ಲು ಕಿರಿದೆಯಲ್ಲ, ಮಹಾರಾಯ! ಅದು ಚಿಂದಿಯಲ್ಲ. ಬೈಕಿನ ಸವೆದ ವೈರಿಂಗ್ ಬಿಚ್ಚುವಾಗ ಪ್ರತಿ ತಂತಿಯ ಬಣ್ಣ, ಅದು ಸೇರುವ ಜಾಗ ಬಟ್ಟೆ ಚೂರಿನ ಮೇಲೆ ಬರೆದು ನಾನು ಕಟ್ಟಿದ್ದ ಗುರುತು. ಗುರುತಿಲ್ಲದೆ ಹೊಸದನ್ನು ಜೋಡಿಸಿದರೆ ಬ್ರೇಕ್ ಒತ್ತಿದಾಗ ಹಾರ್ನ್ ಕಿರುಚುತ್ತಿದೆ! ಎರಡು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ನಾನು ನಡೆದೇ ಡ್ಯೂಟಿಗೆ ಹೊರಟೆ. ನಾಳೆಯೂ ತಡವಾದರೆ ಕೆಲಸವೇ ಹೋಗುತ್ತೆ. ಕಸದ ಬುಟ್ಟಿ ಜಾಲಾಡಿ ಹದಿನೇಳು ಚೂರೂ ಹುಡುಕಿಡು. ಬೈಕ್ ಮುಟ್ಟಿದರೆ ಕೈ ಮುರೀತೀನಿ. ಊಟ ಮುಚ್ಚಿಟ್ಟಿದ್ದೀನಿ.

"ಪಾಪ, ಸಹಾಯ ಮಾಡೋಕೆ ಹೋದ ಕಣೇ" ಅಂತಾಳೆ ಅಮ್ಮ. "ಅವನ ಸಹಾಯ ಸಾಕಮ್ಮ" ಅಂದೆ.

ಚಪ್ಪಲಿ ಮೆಟ್ಟಲು ಹೋದರೆ ಅಡಿಯಲ್ಲಿ ಒಂದು ಚೂರು ಅಂಟಿತ್ತು: "ಕಂದು, ಹಾರ್ನಿಗೆ." ಈ ಚೀಟಿಗೇ ಸಿಕ್ಕಿಸಿದ್ದೀನಿ. ಇನ್ನು ಹದಿನಾರು.