ಮಾಬೂಬಿಯ ಬಳೆ ಅಂಗಡಿ ಮುಂದೆ

ಜನವರಿ 9
ಎರಡು ಬ್ಲೌಸ್ ಮುಗಿಯಿತು. ಮೂರನೆಯದಕ್ಕೆ ಹುಕ್ ಬಾಕಿ. ನಾಳೆ ಸಂತೇಬೆನ್ನೂರು ಸಂತೆಯಲ್ಲಿ ಆ ಸಂಘದವರ ಮೆರವಣಿಗೆಯಂತೆ. ಸಾಬರ ಹತ್ತಿರ ಏನೂ ಕೊಳ್ಳಬೇಡಿ ಅಂತ. ಥೂ! ಚನ್ನಗಿರಿಯಿಂದ ವಕೀಲೆ ಸಂಧ್ಯಾರಾಣಿ ಫೋನ್ ಮಾಡಿದ್ದರು. "ಎದುರಿಗೆ ನಿಲ್ಲಾಣ, ಬರ್ರಿ ಪ್ರಮೀಳಾ," ಎಂದರು. ಹೂಂ ಅಂದುಬಿಟ್ಟೆ. ನಮ್ಮೆಜಮಾನರಿಗೆ ಹೇಳಿಲ್ಲ.

ಜನವರಿ 10
ನಿಂತೆವು. ನಾವು ಹತ್ತು-ಹನ್ನೆರಡು ಮಂದಿ, ಅವರು ಬೀದಿ ತುಂಬ. ಬಿಸಿಲು ಅಂತ ಮಾಬೂಬಿಯ ಬಳೆ ಅಂಗಡಿ ನೆರಳಿಗೆ ಹೋಗಿ, ಎಲ್ಲರ ಹತ್ತಿರವೂ ಕೊಳ್ಳಿ ಅಂತ ಬರೆದ ಬೋರ್ಡ್ ಹಿಡಿದೆವು. ನನ್ನ ಮದುವೆಗೆ ಅವಳ ಅಮ್ಮ ಬಳೆ ಇಟ್ಟಿದ್ದಳು, ಮಗಳು ಪೂಜಾಳ ಸೀಮಂತಕ್ಕೆ ಇವಳು. ಗಂಟಲು ಹರಿಯುವಂತೆ ಕೂಗಿದೆ. ಖುಷಿಯೋ ಖುಷಿ.

ಜನವರಿ 12
ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ನಮ್ಮ ಹಿಂದೆಯೇ ಮಾಬೂಬಿ ಕಾಣುತ್ತಾಳೆ. ಮೆರವಣಿಗೆಯಲ್ಲಿ ಯಾರ ಹೆಸರನ್ನೂ ಕೂಗಿರಲಿಲ್ಲ. ಈಗ ವಿಡಿಯೋ ಕೆಳಗೆ ಬರೆದಿದ್ದಾರೆ, ಮಾಬೂಬಿಯೇ ನಮ್ಮನ್ನು ಕರೆಸಿದ್ದು ಅಂತ. ಅಯ್ಯೋ ದೇವರೇ, ನಮಗೆ ನೆರಳು ಬೇಕಿತ್ತೇ?

"ಅವ್ರು ಬಾಯಿ ಬಡ್ಕಂಡು ಹೋಗ್ತಿದ್ರು. ನೀವು ಹೋಗಿ ಅಂಗಡಿ ತೋರಿಸಿಕೊಟ್ರಿ," ಎಂದರು ನಮ್ಮೆಜಮಾನರು. ಅವರ ಮಾತಿನಲ್ಲಿ ನಿಜವಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಜನವರಿ 24
ಎರಡು ಸಂತೆ ಆಯಿತು. ಮಾಬೂಬಿ ಮುಂದೆ ಒಂದು ಹೆಣ್ಣೂ ಕೂತಿಲ್ಲ. ಮೆರವಣಿಗೆಯಲ್ಲಿ ಬಾವುಟ ಹಿಡಿದಿದ್ದ ಕೊಟ್ರಮ್ಮ, ಸೊಸೆಗೆ ಬಳೆ ಇಡಿಸಲು ಅವಳನ್ನೇ ಹಿತ್ತಲ ಬಾಗಿಲಿಂದ ಕರೆಸಿಕೊಂಡಳಂತೆ! ಮಾಬೂಬಿಯ ಕೈ ಹಿಡಿದು ತಪ್ಪಾಯಿತು ಎಂದೆ. ಅಳು ಬಂದುಬಿಟ್ಟಿತು.

"ಅಳಬ್ಯಾಡ್ರಿ ಅಕ್ಕಾ. ಅವತ್ತು ಯಾರೂ ಬರದಿದ್ರೆ ಊರೆಲ್ಲ ಅವ್ರ ಕಡೇನೇ ಅನ್ಕಂತಿದ್ದೆ. ಆದ್ರೆ ಬೋರ್ಡ್ ಸಾಕು. ಮುಂದಿನ ಸಂತೆಗೆ ಎಲ್ಲಾರೂ ಬಂದು ಬಳೆ ಇಡಿಸ್ಕಳ್ರಿ. ಇಲ್ದಿದ್ರೆ ಅಂಗಡಿ ಎತ್ತಾಕೇ ಬೇಕು."

ಜನವರಿ 31
ಬೆಳಿಗ್ಗೆಯೇ ಸಂಧ್ಯಾರಾಣಿಗೆ ಫೋನ್ ಮಾಡಿದೆ. "ಇವತ್ತು ಜಗಳೂರಾಗೆ ಅವ್ರ ಮೆರವಣಿಗೆ ಐತ್ರೀ. ಎಲ್ಲಾ ಅಲ್ಲಿಗೇ ಹೊರಟೀವಿ. ನೀವೂ ಬರ್ರಿ." ಅದೂ ಬೇಕಲ್ಲ. ಬೇಡ ಎನ್ನಲು ನಾನ್ಯಾರು?

ಸಂತೆಗೆ ಒಬ್ಬಳೇ ಹೋದೆ. ಕೂತು ಕೈ ಚಾಚಿದೆ. ಹೆಂಗಸರು ನಿಂತು ನೋಡಿದರು, ಮುಂದೆ ಹೋದರು. ಮಾಬೂಬಿ ಬೇಕೆಂದೇ ನಿಧಾನ ಮಾಡಿದಳು. ಒಂದು ಬಳೆ ಏರಿಸುವುದು, ಬೀದಿ ನೋಡುವುದು. ನನಗೂ ಏಳಲು ಮನಸ್ಸಿಲ್ಲ. ಎಷ್ಟು ಹೊತ್ತು ಅಂತ ಕೂರಲಿ? ಎರಡೂ ಕೈ ತುಂಬಿತು. ಎದ್ದೆ. ಎದ್ದ ಮೇಲೆ ಅವಳ ಮುಂದೆ ಮತ್ತೆ ಯಾರೂ ಕೂರಲಿಲ್ಲ.